ಗಲ್ಲಾದ ಮೇಲಿನ ಸಮುದ್ರ

ಉಪ್ಪುನೀರಿಗೆ ಅದರದ್ದೇ ಒಂದು ವಾಸನೆ ಉಂಟು. ಅದು ಮೀನಿನದ್ದಲ್ಲ, ಮರಳಿನದ್ದೂ ಅಲ್ಲ. ತಾಮ್ರದ ತಂತಿಯನ್ನು ನಾಲಗೆಗೆ ತಾಗಿಸಿದರೆ ಒಂದು ರುಚಿ ಬರುತ್ತದಲ್ಲ, ಅದನ್ನೇ ಮೂಗಿನಲ್ಲಿ ಎಳೆದುಕೊಂಡ ಹಾಗೆ. ಕಳೆದ ತಿಂಗಳು ಮೂಡಬಿದಿರೆ ಹತ್ತಿರದ ತೋಡಾರಿನಲ್ಲಿ, ಮಗಳ ಮನೆಯ ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಬಡಿಯಿತು. ಒಳಗೆ ಅಳಿಯ ಬಾಲ್ದಿಯಲ್ಲಿ ಉಪ್ಪಿನ ಪುಡಿ ಕದಡುತ್ತಿದ್ದರು. ಅವರ ಎದುರು ಮಂಚದಷ್ಟು ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಹವಳ. ಉಂಗುರಕ್ಕೆ ಹಾಕುವ ಹವಳ ಅಲ್ಲ, ಜೀವ ಇರುವ ಹವಳ.

"ಲೈಟು ಎಷ್ಟು ಹಾಕುವುದು ಅಂತಲೇ ಗೊತ್ತಾಗ್ತಾ ಇಲ್ಲ ಮಾವ" ಎಂದರು. "ಅಂಗಡಿಯವ ಒಂದು ಹೇಳ್ತಾನೆ, ಮೊಬೈಲಿನಲ್ಲಿ ಇನ್ನೊಂದು ಹೇಳ್ತಾರೆ. ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ?"

ನಾನು ನಕ್ಕ ರಭಸಕ್ಕೆ ನನ್ನ ಹಲ್ಲಿನ ಸೆಟ್ಟು ಬಾಲ್ದಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. "ನಿಮ್ಮ ಅಪ್ಪನಿಗೆ ಮೀಸೆ ಬರುವ ಮೊದಲೇ ನಾನು ಹವಳಕ್ಕೆ ಲೈಟು ಹಾಕಿದವ" ಎಂದೆ. ಅವರು ನಂಬಲಿಲ್ಲ. ನಾನು ಹೇಳುವುದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ, ಅದಕ್ಕೆ ಕಾರಣವೂ ಉಂಟು, ಬಿಡಿ.

ತೊಟ್ಟಿಯ ಮೂಲೆಯಲ್ಲಿ ಕೇಸರಿ ಬಣ್ಣದ ಬೊಕ್ಕೆಗಳಿದ್ದ ಒಂದು ಸಣ್ಣ ತುಂಡು ಕಾಣಿಸಿತು. ಅದು ಅಂಗಡಿಯವ ಪುಕ್ಕಟೆ ಕೊಟ್ಟದ್ದಂತೆ. "ಸತ್ತಿರ್ಬೇಕು ಮಾವ. ಎಷ್ಟು ಲೈಟು ಕೊಟ್ಟರೂ ಅರಳುವುದಿಲ್ಲ." ನನ್ನ ಕಣ್ಣೆದುರು ಪಾಣೆಮಂಗಳೂರಿನ ಹೋಟೆಲಿನ ಧಣಿ ಬಂದು ಕೂತಿದ್ದರು... ಕೂತದ್ದೇ. ಅವರನ್ನು ನಿಂತಂತೆ ನೆನಪು ಮಾಡಿಕೊಳ್ಳುವುದು ನನಗೆ ಸಾಧ್ಯವೇ ಇಲ್ಲ.

ಆಗ ನನಗೆ ಇಪ್ಪತ್ತೈದರ ಆಸುಪಾಸು. ಬಂಟ್ವಾಳ, ಪಾಣೆಮಂಗಳೂರು ಕಡೆಗೆ ಕರೆಂಟು ಬಂದ ಹೊಸತು. ಕಂಬ ಹತ್ತುವ ವಯರ್‌ಮ್ಯಾನ್ ಅಂದರೆ ಆ ಕಾಲದಲ್ಲಿ ಸಣ್ಣ ದೇವರು. ನಾನು ಪೇಟೆಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ನಿಲ್ಲದವರ ಫ್ಯೂಸು ಆ ವಾರ ಹೋಗುತ್ತಿತ್ತು. ಹೇಗೆ ಹೋಗುತ್ತಿತ್ತು ಅಂತ ಕೇಳಬೇಡಿ.

ಎದ್ದು ನಿಲ್ಲದಿದ್ದರೂ ಫ್ಯೂಸು ಹೋಗದಿದ್ದದ್ದು ಈ ಧಣಿಯದ್ದು ಮಾತ್ರ. ಅವರು ಏಳುವ ಹಾಗೆಯೇ ಇರಲಿಲ್ಲ. ಅವರ ಅಪ್ಪ ಸಾಯುವಾಗ "ಹೋಟೆಲು ಮಗನಿಗೂ ಅಳಿಯನಿಗೂ ಸೇರಿದ್ದು" ಎಂದು ಹೇಳಿದರು. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂರುವುದು ಯಾರು ಎಂದು ಹೇಳುವ ಮೊದಲೇ ಉಸಿರು ನಿಂತಿತು. ಕೂತವ ಧಣಿ, ಎದ್ದವ ಗಿರಾಕಿ, ಇದು ಪೇಟೆಯ ಕಾನೂನು. ಹದಿಮೂರನೆಯ ದಿನದ ಊಟದ ಎಲೆ ಎತ್ತಿದ್ದೇ ತಡ, ಮಗ ಓಡಿ ಹೋಗಿ ಆ ಮರದ ಕುರ್ಚಿಯಲ್ಲಿ ಕೂತರು. ಎರಡು ಹೆಜ್ಜೆ ಹಿಂದೆ ಬಿದ್ದ ಅಕ್ಕನ ಗಂಡ ಎದುರಿನ ಬೆಂಚಿನಲ್ಲಿ ಕೂತರು. ಇವ ಎದ್ದರೆ ತಾನು ಕೂರುವ ಅಂತ ಅವರು, ಅವರು ಕೂರುತ್ತಾರೆಂದು ಏಳದೆ ಇವರು. ನಾನು ನೋಡುವಾಗಲೇ ಹಾಗೆ ವರ್ಷಗಟ್ಟಲೆ ಕಳೆದಿತ್ತು. ಅಕ್ಕನೂ ತೀರಿಹೋಗಿದ್ದರು. ಭಾವ ಮಾತ್ರ ಬೆಂಚು ಬಿಟ್ಟಿರಲಿಲ್ಲ.

ಧಣಿಯ ಊಟ, ಕ್ಷೌರ ಎಲ್ಲ ಆ ಕುರ್ಚಿಯಲ್ಲೇ. ಹೊರಕಡೆಗೆ ಹೋಗಲೇಬೇಕಾದಾಗ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಕೂರುತ್ತಿದ್ದಳು, ಒಲೆಯ ಮೇಲೆ ಸಾರು ಉಕ್ಕುವುದರೊಳಗೆ ಅವರು ವಾಪಸು ಬರಬೇಕಿತ್ತು. ಭಾವನಿಗೂ ಅವರಿಗೂ ಮಾತಿಲ್ಲ. ನಡುವೆ ದೋಸೆ ತಿನ್ನುವ ಪಾಪದ ಗಿರಾಕಿಯ ಮೂಲಕವೇ ಎಲ್ಲ.

"ಅವರಿಗೆ ಹೇಳಿ, ಸಾಂಬಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ."

"ಪುಕ್ಕಟೆ ತಿನ್ನುವವರಿಗೆ ರುಚಿ ಜಾಸ್ತಿ ಅಂತ ಅವರಿಗೆ ಹೇಳಿ ಮಾರಾಯ್ರೆ."

ಬೆಳಿಗ್ಗೆ ಬಸ್ಸು ಹತ್ತಿದರೆ ಸಮುದ್ರ ನೋಡಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದಾದ ಊರು ಅದು. ಆದರೂ ಧಣಿ ಸಮುದ್ರ ನೋಡಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಕರಕೊಂಡು ಹೋಗಲಿಲ್ಲ, ದೊಡ್ಡವರಾದ ಮೇಲೆ ಕುರ್ಚಿ ಬಿಡಲಿಲ್ಲ. ಹೋಟೆಲಿನ ಹಿಂದೆಯೇ ನೇತ್ರಾವತಿ ಹರಿಯುತ್ತಿತ್ತು. ಮಂಗಳೂರಿನ ಬಂದರಿಗೂ ನಮ್ಮ ಪೇಟೆಗೂ ಸರಕಿನ ದೋಣಿ ನಡೆಸುವ ಒಬ್ಬ ಬ್ಯಾರಿ ಚಾ ಕುಡಿಯಲು ಬಂದರೆ ಸಾಕು, ಧಣಿ ಅವರನ್ನು ಹತ್ತಿರ ಕೂರಿಸಿಕೊಂಡು ಸಮುದ್ರದ ಸುದ್ದಿ ಕೇಳುತ್ತಿದ್ದರು. ದೂರದ ಸಂಬಂಧಿಕರ ಕ್ಷೇಮ ವಿಚಾರಿಸಿದ ಹಾಗೆ.

ಒಂದು ಸಲ ಬ್ಯಾರಿ ಮಣ್ಣಿನ ಮಡಕೆಯೊಂದರಲ್ಲಿ ಉಪ್ಪುನೀರು ತುಂಬಿ, ಅದರೊಳಗೆ ಒಂದು ಕಲ್ಲು ಇಟ್ಟುಕೊಂಡು ಬಂದರು. ಮೀನಿನ ಬಲೆಗೆ ಸಿಕ್ಕಿದ್ದಂತೆ. ಕಲ್ಲಿನ ಮೈತುಂಬ ಕೇಸರಿ ಬೊಕ್ಕೆಗಳು.

"ದೋಣಿಯ ಹೊಟ್ಟೆಯೊಳಗೆ ಇಟ್ಟಿದ್ದೆ ಧಣೀ. ಅಲ್ಲಿ ನೀವು ನೋಡ್ಬೇಕಿತ್ತು! ಸೇವಂತಿಗೆ ಅರಳಿದ ಹಾಗೆ ಅರಳಿತ್ತು. ಇಲ್ಲಿಗೆ ತರುವಾಗ ಮುದುಡಿದೆ."

"ಜೀವ ಉಂಟಾ?"

"ಉಂಟು. ಕಡಲಿನ ನೀರು ಬೇಕು ಅದಕ್ಕೆ. ಅದನ್ನು ನಾನು ತಂದು ಕೊಡ್ತೇನೆ."

ಬ್ಯಾರಿ ಹೋಟೆಲಿನ ಮೆಟ್ಟಿಲು ಇಳಿಯುವ ಮೊದಲೇ ನನಗೆ ಕರೆ ಬಂತು. ಧಣಿ ಆ ಮಡಕೆಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡು, ಹಸುಗೂಸನ್ನು ಕಾಯುವವರ ಹಾಗೆ ಕೂತಿದ್ದರು.

"ಹೂ ಅಂದ ಮೇಲೆ ಬಿಸಿಲು ಬೇಡವಾ ಮಾರಾಯ? ಈ ಹೊಗೆ ಹಿಡಿದ ಹೋಟೆಲಿನಲ್ಲಿ ಬಿಸಿಲೆಲ್ಲಿ ಉಂಟು? ನೀನು ಕರೆಂಟಿನ ಬಿಸಿಲು ಮಾಡಿ ಕೊಡು. ಸಮುದ್ರ ನೋಡುವ ಯೋಗ ಅಂತೂ ನನಗಿಲ್ಲ. ಅದರ ಹೂವನ್ನಾದರೂ ಒಮ್ಮೆ ನೋಡ್ತೇನೆ."

ಈಗಿನವರು ಅಂಗಡಿಗೆ ಹೋಗಿ ತೊಟ್ಟಿ ತರುತ್ತಾರೆ. ನಾನು ನಮ್ಮ ಕರೆಂಟು ಆಫೀಸಿನ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಬ್ಯಾಟರಿಯ ಗಾಜಿನ ಪೆಟ್ಟಿಗೆಯನ್ನು ತೊಳೆದು ತಂದೆ. ದಪ್ಪ ಗಾಜು, ಒಂದು ತೊಟ್ಟು ಸೋರುವುದಿಲ್ಲ. ನೀರು ಕೊಳೆಯದಿರಲು ಗಾಳಿ ಬೇಕು ಎಂದು ಬ್ಯಾರಿ ಹೇಳಿದ್ದರು. ಅದಕ್ಕೆ ಧಣಿಯೇ ದಾರಿ ಕಂಡುಹಿಡಿದರು. ಹಿತ್ತಾಳೆಯ ಲೋಟದಲ್ಲಿ ನೀರು ಮೊಗೆದು, ಚಾ ಎಳೆಯುವ ಹಾಗೆ ಮೇಲಿನಿಂದ ಧಾರೆ ಬಿಡುವುದು. ಗಿರಾಕಿ ಇಲ್ಲದಾಗಲೆಲ್ಲ ಅದೇ ಕೆಲಸ. ಹೊಸಬರು ಬಂದು "ನನಗೂ ಒಂದು ಅದೇ ಕೊಡಿ" ಎಂದದ್ದುಂಟು. ಒಬ್ಬನಿಗೆ ನಾನು ಕೊಡಿಸಿಯೂ ಇದ್ದೇನೆ.

ಬೆಳಕಿನದ್ದೇ ದೊಡ್ಡ ರಾಮಾಯಣವಾಯಿತು. ಆಗ ನಮ್ಮಲ್ಲಿ ವಾಟ್ ಎಂದು ಯಾರೂ ಹೇಳುತ್ತಿರಲಿಲ್ಲ, ಕೇಂಡಲ್ ಎನ್ನುತ್ತಿದ್ದರು. ಮೊದಲು ನಲವತ್ತು ಕೇಂಡಲಿನ ಬಲ್ಬು ತೂಗಿಸಿದೆ. ಬೊಕ್ಕೆ ಬೊಕ್ಕೆಯಾಗಿಯೇ ಉಳಿಯಿತು. "ಸಾಲದು" ಎಂದರು ಧಣಿ. ಅರವತ್ತು ಹಾಕಿದೆ, ಹಿಂದಿನಿಂದ ಬಿಸ್ಕುತ್ತಿನ ಡಬ್ಬದ ಮುಚ್ಚಳವನ್ನು ಕನ್ನಡಿಯ ಹಾಗೆ ಕಟ್ಟಿದೆ. ಸಾಲದು. ನೂರು ಹಾಕಿದೆ. ಧಣಿಯ ಬೋಳುತಲೆ ಮಿಂಚಿತೇ ಹೊರತು ಕಲ್ಲು ಮಿಸುಕಲಿಲ್ಲ, ನೀರು ಮಾತ್ರ ಬಾಣಂತಿಯ ಮೀಯುವ ನೀರಿನಷ್ಟು ಬಿಸಿಯಾಯಿತು. ಬೆದರಿ ಬಲ್ಬನ್ನು ಒಂದು ಗೇಣು ಮೇಲೆತ್ತಿದೆ.

ಕಡಲಿನ ಒಳಗೆ ಬೆಳಕು ನೀಲಿ ಎಂದು ಬ್ಯಾರಿ ಹೇಳಿದ ದಿನ, ನಾಟಕದವರ ಹತ್ತಿರ ಲೈಟಿಗೆ ಕಟ್ಟುವ ನೀಲಿ ಕಾಗದ ಕೇಳಿ ತಂದು ಸುತ್ತಿದೆ. ಇಡ್ಲಿಯೆಲ್ಲ ನೀಲಿ, ಗಿರಾಕಿಗಳ ಮುಖವೆಲ್ಲ ಹೆಣದ ಬಣ್ಣ. ಒಬ್ಬ ತನ್ನ ಕೈ ನೋಡಿಕೊಂಡು ಹಾವು ಕಚ್ಚಿತೆಂದು ಎದ್ದು ಓಡಿದ. ಮೊನ್ನೆ ಅಳಿಯನ ತೊಟ್ಟಿಯ ಮೇಲೂ ಅದೇ ನೀಲಿ ಬೆಳಕು ಕಂಡೆ, ದೊಡ್ಡ ಕಂಪೆನಿ ಮಾಡಿದ್ದಂತೆ. ಅದನ್ನು ಪಾಣೆಮಂಗಳೂರಿನಲ್ಲಿ ಕಂಡುಹಿಡಿದವ ಯಾರು ಅಂತ ಆ ಕಂಪೆನಿಗೆ ಯಾರು ಹೇಳಬೇಕು?

ಕೊನೆಗೆ ಟ್ಯೂಬ್‌ಲೈಟು. ಪೇಟೆಗೆ ಅದೇ ಮೊದಲು. ಬೆಳ್ತಂಗಡಿಯಿಂದಲೂ ಜನ ಬಂದರು, ಹೂ ನೋಡಲು ಅಲ್ಲ, ಟ್ಯೂಬು ನೋಡಲು. ಹೋಟೆಲಿಗೆ ಒಳ್ಳೆಯ ವ್ಯಾಪಾರ. ಧಣಿಗೆ ಅದು ಬೇಕಿರಲಿಲ್ಲ. "ರಾತ್ರಿಯೂ ಆರಿಸುವುದು ಬೇಡ" ಎಂದರು. "ಈ ಹೋಟೆಲಿನ ಒಲೆಯೇ ಅಪ್ಪನ ಕಾಲದಿಂದ ಆರಿಲ್ಲ. ದೇವರ ಮುಂದಿನ ನಂದಾದೀಪದ ಹಾಗೆ ಇರಲಿ. ಎಂದಾದರೂ ಒಂದು ದಿನ ದಯೆ ಬರ್ತದೆ ಅದಕ್ಕೆ." ನಾನು ಸ್ವಿಚ್ಚೇ ಇಡದೆ ವಯರನ್ನು ನೇರ ಲೈನಿಗೆ ಕೊಟ್ಟೆ. ಕರೆಂಟು ಹೋದರೆ ತಕ್ಷಣ ಗ್ಯಾಸ್‌ಲೈಟು ಹೊತ್ತಿಸಿ ಪಕ್ಕದಲ್ಲಿ ಇಡುತ್ತಿದ್ದರು. ಕತ್ತಲೆ ಎಂಬುದು ಆ ಕಲ್ಲಿನ ಹತ್ತಿರ ಸುಳಿಯದ ಹಾಗೆ ನಾವಿಬ್ಬರೂ ನೋಡಿಕೊಂಡೆವು.

ಎದುರಿನ ಬೆಂಚಿನಿಂದ ಭಾವ ನನ್ನನ್ನು ಕರೆದು ಹೇಳಿದರು, "ಅವರಿಗೆ ಹೇಳು ಮಾರಾಯ, ದಿಟ್ಟಿಸಿ ನೋಡ್ತಾ ಕೂತರೆ ಹಾಲು ಕೂಡ ಉಕ್ಕುವುದಿಲ್ಲ ಅಂತ."

ನನಗೆ ಭಾವನ ಮೇಲೆ ಸಿಟ್ಟು ಬಂತು. ಹೇಗಾದರೂ ಮಾಡಿ ಧಣಿಯನ್ನು ಒಂದು ದಿನದ ಮಟ್ಟಿಗೆ ಏಳಿಸಬೇಕು, ಸಮುದ್ರವನ್ನೇ ತೋರಿಸಬೇಕು ಅಂತ ಹಟ ಹಿಡಿದೆ. ನನ್ನ ಹತ್ತಿರ ಬುದ್ಧಿಗೆ ಬರಗಾಲ ಬಂದದ್ದೇ ಇಲ್ಲ. ಭಾವನ ಪಕ್ಕ ಹೋಗಿ ಪಿಸುಗುಟ್ಟಿದೆ. "ಒಂದು ತಪ್ಪು ಆಗಿದೆ. ಟ್ಯೂಬಿನ ವಯರಿನಿಂದ ಕುರ್ಚಿಯ ಮೊಳೆಗೆ ಕರೆಂಟು ಹಿಡಿದಿದೆ. ಧಣಿಗೆ ಅಭ್ಯಾಸ ಆಗಿದೆ, ಏನೂ ಆಗುವುದಿಲ್ಲ. ಹೊಸಬರು ಕೂತರೆ ಬೂದಿ." ಭಾವ ಕುರ್ಚಿಯನ್ನೊಮ್ಮೆ ನೋಡಿ ಬೆಂಚಿನಲ್ಲಿ ಇನ್ನೂ ಹಿಂದಕ್ಕೆ ಸರಿದರು. ನಾನು ಮರುದಿನ ಹುಷಾರಾಗಿ ನೋಡಿದೆ. ಹೆಂಡತಿ ಸೌಟು ಹಿಡಿದು ಬರುವುದು ತಡವಾಗಿ ಕುರ್ಚಿ ಖಾಲಿ ಬಿದ್ದಿದ್ದರೂ ಭಾವ ಮಿಸುಕಲಿಲ್ಲ. ಗೆದ್ದೆ!

"ಹೋಗುವ ಧಣೀ, ನಾಳೆಯೇ ಹೋಗುವ. ಕುರ್ಚಿಯನ್ನು ಕರೆಂಟು ಕಾಯ್ತದೆ."

ಅವರಿಗೆ ನಗು ಬಂತು. ಎದ್ದೂ ನಿಂತರು. ಆಮೇಲೆ ಗಾಜಿನ ಪೆಟ್ಟಿಗೆಯ ಕಡೆ ನೋಡಿ ಮೆಲ್ಲನೆ ಕೂತರು. "ನಾನು ಅಲ್ಲಿ ಹೋದಾಗ ಇದು ಇಲ್ಲಿ ಅರಳಿದರೆ...?"

ಒಂದು ಬೀಗ ತೆಗೆಯಲಿಕ್ಕೆ ಹೋಗಿ ನಾನೇ ಅವರ ಪಕ್ಕ ಇನ್ನೊಂದು ಬೀಗ ತಂದಿಟ್ಟಿದ್ದೆ, ಅದೂ ಟ್ಯೂಬ್‌ಲೈಟಿನ ಜೊತೆ.

ಮಳೆಗಾಲ ಬಂತು. ನದಿ ಕೆಂಪಗೆ ಉಕ್ಕಿ ದೋಣಿಗಳು ನಿಂತವು, ಬ್ಯಾರಿ ತರುವ ಕಡಲಿನ ನೀರೂ ನಿಂತಿತು. ಬಸ್ಸಿನವರು ಉಪ್ಪುನೀರಿನ ಡಬ್ಬ ಮೇಲೆ ಹಾಕಲು ಒಪ್ಪಲಿಲ್ಲ, ಸೋರಿದರೆ ಬೇರೆಯವರ ಅಡಿಕೆ ಮೂಟೆಗೆ ಯಾರು ಹೊಣೆ? ಪೆಟ್ಟಿಗೆಯ ನೀರು ಹಳತಾಯಿತು. ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಪುಂಜಾಲಕಟ್ಟೆಯ ಹತ್ತಿರ ಲೈನಿನ ಮೇಲೆ ಮರ ಬಿದ್ದು ಎಲ್ಲ ಕಡೆ ಕರೆಂಟು ಹೋಯಿತು. ನಾನು ಅಲ್ಲಿಗೆ ಓಡಿದೆ. ಇತ್ತ ಹೋಟೆಲಿನಲ್ಲಿ ಗ್ಯಾಸ್‌ಲೈಟು ಹೊತ್ತಿಸಲು ಹೋದರೆ ಅದರೊಳಗೆ ಉರಿಯುವ ಬಲೆ, ಮೇಂಟಲು, ಪುಡಿಯಾಗಿತ್ತಂತೆ. ಮಳೆಯ ಇರಚಲಿಗೆ ಬಾಗಿಲಿನ ಹಲಗೆಗಳನ್ನೂ ಹಾಕಿದ್ದರು. ಹಗಲಿನಲ್ಲೇ ಕಗ್ಗತ್ತಲೆ. ಒಳಗಿನ ಒಲೆಯ ಕೆಂಪು ಮಾತ್ರ.

ಆಮೇಲಿನದ್ದನ್ನು ನಾನು ಕಂಡವನಲ್ಲ, ಧಣಿಯೂ ಭಾವನೂ ಹೇಳಿದ್ದು. ಮೊದಲು ನೋಡಿದವರು ಭಾವ. ಬೆಂಚಿನಿಂದ ಎದ್ದು ಗಲ್ಲಾದ ಹತ್ತಿರ ಬಂದು, ಎಷ್ಟೋ ವರ್ಷದ ಮೇಲೆ ನಡುವೆ ಗಿರಾಕಿ ಇಲ್ಲದೆ ಹೇಳಿದರಂತೆ, "ಭಾವ, ನೋಡಿ."

ಬೊಕ್ಕೆ ಬೊಕ್ಕೆಯೂ ಬಾಯಿ ಬಿಟ್ಟು ಹಳದಿ ಎಸಳು ಹೊರಗೆ ಹಾಕಿತ್ತಂತೆ. ಕಲ್ಲೇ ಕಾಣದಷ್ಟು. ನೀರಿನೊಳಗೆ ಎಸಳುಗಳು ಮೆಲ್ಲ ಮೆಲ್ಲ ಆಡುತ್ತಿದ್ದವಂತೆ. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡುತ್ತಾ...

ಅಲ್ಲಿ ನಾನು ಮಳೆಯಲ್ಲಿ ನೆನೆದು ಮರ ಕಡಿಸಿ, ತಂತಿ ಎಳೆಸಿ, ಇಡೀ ಊರಿಗೆ ಕರೆಂಟು ಕೊಡಿಸಿದೆ. ಸಿಕ್ಕಿದ ಲಾರಿಯಲ್ಲಿ ಬಂದು ಇಳಿದು, ಚಾ ಕುಡಿಯುವ ಎಂದು ಎದೆಯುಬ್ಬಿಸಿ ಹೋಟೆಲಿನ ಹಲಗೆ ಸರಿಸಿದರೆ ಇಬ್ಬರೂ ಒಂದೇ ದನಿಯಲ್ಲಿ ಬೊಬ್ಬೆ ಹಾಕಿದರು, "ಆರಿಸು ಮಾರಾಯ! ಆರಿಸು!"

ಆರಿಸಿದೆ. ಇಡೀ ಪೇಟೆಗೆ ಬೆಳಕು ತಂದವ ಒಂದು ಹೋಟೆಲಿನ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡೆ. ಆದರೆ ನಾನು ಲಾರಿಯಲ್ಲಿ ಬರುವಷ್ಟು ಹೊತ್ತು ಟ್ಯೂಬು ಉರಿದಾಗಿತ್ತು, ಹೂ ಮುದುಡಿ ಮೊದಲಿನ ಬೊಕ್ಕೆಯೇ ಆಗಿತ್ತು. ನಾನು ನೋಡಿದ್ದು ಆ ಬೊಕ್ಕೆಯನ್ನು ಮತ್ತು ಅದನ್ನು ನೋಡಿ ಬಂದಿದ್ದ ಎರಡು ಮುಖಗಳನ್ನು ಮಾತ್ರ. ಅದಕ್ಕೆ ಬೇಕಾದಷ್ಟು ಬೆಳಕು ಎಷ್ಟು ಎಂದು ಕೊನೆಗೂ ಗೊತ್ತಾಯಿತು. ಒಲೆಯ ಕೆಂಪಿನಷ್ಟು.

ಮತ್ತೆ ಅದು ಅರಳಲಿಲ್ಲ. ನೀರು ಕೆಟ್ಟಿತ್ತು. ಕತ್ತಲೆಯಲ್ಲಿಟ್ಟರೂ ಬಣ್ಣ ಬಿಳಿಚುತ್ತಾ ಬಂತು. "ಇಲ್ಲೇ ಇಟ್ಟರೆ ಸಾಯ್ತದೆ" ಎಂದರು ಧಣಿ. "ಕಡಲಿಗೆ ಬಿಡ್ಬೇಕು. ನಾನೇ ಬಿಡ್ತೇನೆ."

ಭಾವ ಬೆಂಚಿನಿಂದಲೇ ಹೇಳಿದರು, "ಹೋಗಿ ಬನ್ನಿ ಭಾವ. ನಾನು ಕೂರುವುದಿಲ್ಲ."

ಮರುದಿನ ಬೆಳಿಗ್ಗೆ ಧಣಿ ಹಿತ್ತಾಳೆಯ ಕೊಡಪಾನದಲ್ಲಿ ಕಲ್ಲನ್ನಿಟ್ಟು ಎದೆಗೆ ಒತ್ತಿಕೊಂಡು ಪೇಟೆಯಲ್ಲಿ ನಡೆದರು. ಅಂಗಡಿಗಳಿಂದ ಜನ ಹೊರಗೆ ಬಂದು ನೋಡಿದರು. ಧಣಿಗೆ ಕಾಲು ಉಂಟು ಎಂದು ಪೇಟೆಯ ಮಕ್ಕಳಿಗೆ ಗೊತ್ತಾದದ್ದೇ ಅಂದು. ನಾನು ಕೊಡೆ ಹಿಡಿದು ಪಕ್ಕದಲ್ಲಿದ್ದೆ. ಮಂಗಳೂರಿನ ಬಸ್ಸು ಬಂತು. ಧಣಿ ಒಂದು ಕಾಲು ಮೆಟ್ಟಿಲಿನ ಮೇಲೆ ಇಟ್ಟು ತಿರುಗಿ ಹೋಟೆಲಿನ ಕಡೆ ನೋಡಿದರು. ಕಂಡಕ್ಟರು ಸೀಟಿ ಊದಿದ. ಅವರು ಕೊಡಪಾನವನ್ನು ನನ್ನ ಕೈಗೆ ಇಟ್ಟರು.

"ನೀನೇ ಬಿಟ್ಟು ಬಾ."

"ಅರೆ! ಭಾವ ಕೂರುವುದಿಲ್ಲ ಅಂದಿದ್ದಾರಲ್ಲ?"

"ಕೂರ್ತಾರೆ ಅಂತಲ್ಲ ಮಾರಾಯ. ನಾನಿಲ್ಲದಿದ್ದರೂ ಹೋಟೆಲು ನಡೀತದೆ ಅಂತಾದರೆ... ಇಷ್ಟು ವರ್ಷ ನಾನು ಕೂತದ್ದು ಯಾಕೆ?"

ಕೊಡಪಾನ ಹಿಡಿದುಕೊಂಡು ಬಸ್ಸು ಹತ್ತಿದೆ. ಹಿಂದಿನ ಗಾಜಿನಿಂದ ನೋಡಿದರೆ ಅವರು ಮಳೆಯಲ್ಲಿ ಹೋಟೆಲಿನ ಕಡೆ ಬಿರಬಿರನೆ ನಡೆಯುತ್ತಿದ್ದರು, ಕೊಡೆ ನನ್ನ ಕೈಯಲ್ಲೇ ಉಳಿದಿತ್ತು.

ಸುರತ್ಕಲ್ಲಿನ ಬಂಡೆಗಳ ನಡುವೆ, ತೆರೆ ಬಡಿಯದ ಒಂದು ಕತ್ತಲೆಯ ಗುಂಡಿಯಲ್ಲಿ ಅದನ್ನು ಇಳಿಸಿದೆ. ನೀರು ಕಲಕಿ ಕೆಸರಾಗಿತ್ತು, ಕೈ ಬಿಟ್ಟ ಕೂಡಲೇ ಕಾಣದಾಯಿತು. ಸಂಜೆ ಖಾಲಿ ಕೊಡಪಾನ ತಂದು ಗಲ್ಲಾದ ಮೇಲೆ ಇಟ್ಟಾಗ ಧಣಿ ಕಲ್ಲಿನ ಸುದ್ದಿ ಕೇಳಲಿಲ್ಲ.

"ಸಮುದ್ರ ಹೇಗೆ ಉಂಟು?" ಎಂದರು.

"ನಿಮ್ಮ ಹೋಟೆಲಿಗಿಂತ ಜಾಸ್ತಿ ಗಲಾಟೆ ಧಣೀ. ಬರುವವರು ಬರ್ತಾರೆ, ಹೋಗುವವರು ಹೋಗ್ತಾರೆ. ಗಲ್ಲಾದಲ್ಲಿ ಮಾತ್ರ ಯಾರೂ ಇಲ್ಲ."

ಧಣಿ ಲೋಟ ತೆಗೆದು, ಆ ಖಾಲಿ ಗಾಜಿನ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ನೀರನ್ನು ಮೊಗೆದು ಮೇಲಿನಿಂದ ಎಳೆದು ಬಿಟ್ಟರು.

ನಾನು ಹೊರಡುವಾಗ ಬಾಗಿಲಿನಲ್ಲಿ ಭಾವನನ್ನು ಕೀಟಲೆ ಮಾಡಿದೆ. "ಧಣಿ ಬಸ್‌ಸ್ಟೇಂಡಿಗೆ ಹೋದಾಗ ಕುರ್ಚಿ ಖಾಲಿ ಇತ್ತಲ್ಲ? ಕರೆಂಟಿಗೆ ಹೆದರಿದಿರಾ?"

"ಮರದ ಕುರ್ಚಿಗೆ ಕರೆಂಟು ಹಿಡಿಯುವುದಿಲ್ಲ ಅಂತ ನನಗೆ ಗೊತ್ತಿಲ್ಲವಾ?" ಎಂದರು ಭಾವ, ಎಲೆಯಡಿಕೆ ಜಗಿಯುತ್ತಾ. "ನೀನು ಹೇಳಿದ ದಿನವೇ ಗೊತ್ತಿತ್ತು. ಕೂರ್ಬಹುದಿತ್ತು. ಕೂತರೆ ಮತ್ತೆ ಏಳುವುದು ಹೇಗೆ ಮಾರಾಯ?"

ನನ್ನ ಜೀವಮಾನದಲ್ಲಿ ನನ್ನನ್ನು ಮಂಗ ಮಾಡಿದವರು ಅವರೊಬ್ಬರೇ.

ಆಮೇಲೆ ನನಗೆ ಬೇರೆ ಕಡೆಗೆ ವರ್ಗವಾಯಿತು. ಮೊದಲು ಭಾವ ತೀರಿಕೊಂಡು ಬೆಂಚು ಖಾಲಿಯಾಯಿತೆಂದು ಕೇಳಿದೆ. ಬೆಂಚು ಖಾಲಿಯಾದ ಮೇಲೂ ಧಣಿ ಏಳಲಿಲ್ಲವಂತೆ. ಎದುರಿನಿಂದ ಯಾರೂ ಬಾರದಿದ್ದರೂ ಕೂತೇ ಇದ್ದರಂತೆ, ಎತ್ತಿ ಹೊರಗೆ ತರುವವರೆಗೆ... ರಸ್ತೆ ಅಗಲವಾಗುವಾಗ ಹೋಟೆಲೂ ಹೋಯಿತು. ಆರದ ಒಲೆ ಎಂದು ಆರಿತೋ ಯಾರಿಗೂ ಗೊತ್ತಿಲ್ಲ.

ನಾನು ಇನ್ನೂ ತೋಡಾರಿನಲ್ಲೇ ಇದ್ದೇನೆ. ನಿನ್ನೆ ಮಧ್ಯಾಹ್ನ ಮಗಳು ಮನೆಯಲ್ಲಿರಲಿಲ್ಲ. ಅಳಿಯ ಮಹಡಿಯಲ್ಲಿ ಮಲಗಿದ್ದರು. ನಾನು ಮೆಲ್ಲನೆ ಹೋಗಿ ಮೇನ್ ಸ್ವಿಚ್ಚು ಇಳಿಸಿದೆ. ಕಿಟಿಕಿಯ ಪರದೆಗಳನ್ನು ಎಳೆದು ತೊಟ್ಟಿಯ ಎದುರು ಕುರ್ಚಿ ಹಾಕಿ ಕೂತೆ. ದಿಟ್ಟಿಸಬಾರದೆಂದು ಆಚೆ ಈಚೆ ನೋಡಿದೆ. ಕೂತಲ್ಲೇ ತೂಕಡಿಸಿದೆನೋ ಏನೋ. ಕಣ್ಣು ಬಿಟ್ಟಾಗ ಮೂಲೆಯ ಆ ಸತ್ತ ತುಂಡಿನ ಒಂದು ಬೊಕ್ಕೆಯ ಬಾಯಲ್ಲಿ ಹಳದಿ ಗೆರೆ ಕಂಡಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲವೂ. ಬ್ಯಾರಿ ಹೇಳಿದ್ದು ಸುಳ್ಳಲ್ಲ, ಸೇವಂತಿಗೆಯೇ.

ಯಾರನ್ನಾದರೂ ಕರೆದು "ನೋಡಿ" ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೋಟೆಲಿನಲ್ಲಿ ಇದನ್ನು ನೋಡಿದ್ದ ಇಬ್ಬರೂ ಈಗಿಲ್ಲ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ.

ಮಹಡಿಯಿಂದ ಅಳಿಯನ ದನಿ ಬಂತು. "ಮಾವಾ, ಕರೆಂಟು ಹೋಯ್ತಾ?"

"ಹೋಯ್ತು" ಎಂದೆ. "ಪುಂಜಾಲಕಟ್ಟೆಯಲ್ಲಿ ಲೈನಿನ ಮೇಲೆ ಮರ ಬಿದ್ದಿದೆಯಂತೆ. ಈಗ ಬರ್ಲಿಕ್ಕಿಲ್ಲ. ನೀವು ಮಲಗಿ."